ಒಂದು ಚಿತ್ರಕ್ಕೆ ಒಂದೇ ಓಣಿ: ಮಿಶ್ರ ಮಾಧ್ಯಮಕ್ಕೆ ಕೈ ಹಚ್ಚುವವರಿಗೆ

ಮಿಶ್ರ ಮಾಧ್ಯಮದ ಚಿತ್ರ, ಅಂದರೆ ಬಣ್ಣದ ಜೊತೆ ಕಾಗದ, ಬಟ್ಟೆ, ಮಣ್ಣಿನಂಥ ಸಾಮಾನು ಸೇರಿಸಿದ ಚಿತ್ರ, ಮಾಡಬೇಕೆಂದು ಹೊರಟವರು ಮೊದಲು ಹೋಗುವುದು ಸ್ಟೇಷನರಿ ಅಂಗಡಿಗೆ. ಲೇಸು, ಚಮಕಿ, ಒಣಗಿದ ಹೂವಿನ ಪೊಟ್ಟಣ, ಬಂಗಾರದ ಬಣ್ಣದ ಹಾಳೆ, ಎಲ್ಲ ಅಲ್ಲೇ ಸಿಗುತ್ತವೆ. ಅಂಗಡಿಗೆ ಹೋಗಲೂ ಬೇಜಾರಾದರೆ ಇಡೀ ಕಿಟ್ಟೇ ಆನ್‌ಲೈನ್‌ನಲ್ಲಿ ಮನೆಗೆ ಬರುತ್ತದೆ. ತಂದು ಕ್ಯಾನ್ವಾಸ್ ಮೇಲೆ ಅಂಟಿಸಿದರೆ ಮದುವೆ ಮಂಟಪದ ಹಿಂದಿನ ಪರದೆಯ ಹಾಗೆ ಕಾಣುತ್ತದೆ. ಹೊಳಪಿದೆ, ಊರಿಲ್ಲ.

ಕೊಪ್ಪಳದಲ್ಲಿ ನನ್ನ ಬಳಿ ಕಲಿಯಲು ಬರುವವರಿಗೆ ನಾನು ಹಾಕುವುದು ಒಂದೇ ಕಟ್ಟಳೆ: ಒಂದು ಚಿತ್ರಕ್ಕೆ ಒಂದೇ ಓಣಿ. ಚಿತ್ರದಲ್ಲಿ ಬಳಸುವ ಕಾಗದ, ಬಟ್ಟೆ, ಮಣ್ಣು, ದಾರ, ತಗಡು ಎಲ್ಲವೂ ಒಂದೇ ಜಾಗದಿಂದ ಬಂದಿರಬೇಕು. ಅಂಟು, ಹಲಗೆ, ವಾರ್ನಿಶ್ ಮಾತ್ರ ಹೊರಗಿನಿಂದ ಕೊಳ್ಳಬಹುದು. ಕೇಳಿದ ಕೂಡಲೇ ಇದು ಕೈ ಕಟ್ಟಿ ಹಾಕಿದಂತೆ ಅನ್ನಿಸುತ್ತದೆ. ಆದರೆ ಒಂದೇ ಬಿಸಿಲು, ಒಂದೇ ಧೂಳು ತಿಂದ ಸಾಮಾನುಗಳಿಗೆ ಬಣ್ಣದ ಹೊಂದಾಣಿಕೆಯನ್ನು ನೀವು ಹೊಸದಾಗಿ ಕಲಿಸಬೇಕಿಲ್ಲ, ಅದು ಆಗಲೇ ಆಗಿಬಿಟ್ಟಿರುತ್ತದೆ. ಸ್ಫೂರ್ತಿ ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಅಲ್ಲಿಗೆ ಮುಗಿಯುತ್ತದೆ. ಓಣಿಯಲ್ಲಿ ಏನು ನಡೆಯುತ್ತದೋ ಅದೇ ವಸ್ತು.

ಮಿಶ್ರ ಮಾಧ್ಯಮ ಹೊರಗಿನಿಂದ ಬಂದ ಫ್ಯಾಷನ್ ಎಂದು ಮೂಗು ಮುರಿಯುವವರಿದ್ದಾರೆ. ಯುರೋಪಿನಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಜಾಗದಲ್ಲಿ ಹಗ್ಗ ಸುತ್ತಿದ್ದು 1912ರಲ್ಲಿ. ಕಲಾ ಇತಿಹಾಸದ ಪುಸ್ತಕಗಳು ಅಲ್ಲಿಂದ ಶುರುವಾಗುತ್ತವೆ. ನಮ್ಮ ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮರದ ಮೇಲೆ ಕಿಟ್ಟ (ಸೆಣಬಿನ ಪುಡಿ, ಕಟ್ಟಿಗೆ ಹೊಟ್ಟು, ಅಂಟು ಕಲಸಿದ ಮುದ್ದೆ), ಕಿಟ್ಟದ ಮೇಲೆ ಹತ್ತಿ ಬಟ್ಟೆ, ಬಟ್ಟೆಯ ಮೇಲೆ ಕಲ್ಲುಪುಡಿಯ ಲೇಪ, ಅದರ ಮೇಲೆ ಬಣ್ಣ ಹಚ್ಚುತ್ತ ತಲೆಮಾರುಗಳಿಂದ ಗೊಂಬೆ ಮಾಡುತ್ತಿದ್ದಾರೆ. ಅದಕ್ಕೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ಐದು ಪದರದ ಮಿಶ್ರ ಮಾಧ್ಯಮ ಅಲ್ಲದಿದ್ದರೆ ಅದು ಮತ್ತೇನು? ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಷೀಲಾ ಗೌಡ ಸೆಗಣಿ, ಸೂಜಿ, ದಾರ, ಕುಂಕುಮ ಹಿಡಿದೇ ಜಗತ್ತಿನ ದೊಡ್ಡ ಗ್ಯಾಲರಿಗಳಿಗೆ ಹೋದರು. ಸಾಮಾನು ಹಿತ್ತಿಲಲ್ಲಿ ಸಿಕ್ಕಿತೆಂದು ಹಿಂಜರಿಯಬೇಕಿಲ್ಲ.

ಓಣಿ ಗೊತ್ತು ಮಾಡಿಕೊಳ್ಳಿ

ಚಂದದ ಜಾಗ ಬೇಡ. ಹಂಪಿ, ಆನೆಗೊಂದಿ, ಇಟಗಿಯ ಮಹಾದೇವ ದೇವಾಲಯ ಇವನ್ನೆಲ್ಲ ಸದ್ಯಕ್ಕೆ ಬದಿಗಿಡಿ. ಅವು ಆಗಲೇ ಚಿತ್ರವಾಗಿ ಕೂತಿವೆ. ನೀವು ಎಷ್ಟು ತಿಣುಕಿದರೂ ಪೋಸ್ಟ್‌ಕಾರ್ಡ್ ಆಗುತ್ತದೆ. ದುಡಿಮೆ ನಡೆಯುವ ಜಾಗ ಹುಡುಕಿ, ಏಕೆಂದರೆ ದುಡಿಮೆ ಏನಾದರೂ ಉಳಿಸಿ ಹೋಗುತ್ತದೆ: ಚೂರು, ಕಲೆ, ತೂತು, ಚೀಟಿ. ಗಂಗಾವತಿ, ಕಾರಟಗಿ ಕಡೆಯವರಿಗೆ ಅಕ್ಕಿ ಗಿರಣಿ ಸಾಲು ಇದೆ. ಬಳ್ಳಾರಿಯವರಿಗೆ ಜೀನ್ಸ್ ಹೊಲಿಯುವ ಮನೆಗಳಿರುವ ಓಣಿ. ರಾಯಚೂರಿನವರಿಗೆ ಎಪಿಎಂಸಿಯ ಹತ್ತಿ ಯಾರ್ಡು. ಯಾವುದೂ ಆಗದಿದ್ದರೆ ನಿಮ್ಮ ಅಡುಗೆಮನೆಯಿಂದ ಹಿತ್ತಿಲಿನ ನಲ್ಲಿಯ ತನಕ ಇರುವ ಹತ್ತು ಹೆಜ್ಜೆಯೂ ಓಣಿಯೇ.

ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಗಿರಣಿ ಓಣಿಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಲಾರಿಯಿಂದ ಚೀಲ ಇಳಿಯುವಾಗ ಹಮಾಲರ ಕೊಕ್ಕೆ ಗೋಣಿಯಲ್ಲಿ ಜೋಡಿ ತೂತು ಬಿಡುತ್ತದೆ. ಹಳೆಯ ಚೀಲವೊಂದನ್ನು ಬೆಳಕಿಗೆ ಹಿಡಿದರೆ ಅದು ಎಷ್ಟು ಹೆಗಲು ಕಂಡಿದೆ ಎಂಬುದರ ಲೆಕ್ಕ ಆ ತೂತುಗಳಲ್ಲೇ ಇರುತ್ತದೆ. ಮಧ್ಯಾಹ್ನ ತೂಕದ ಚೀಟಿಗಳು ನೆಲಕ್ಕೆ ಬೀಳುತ್ತವೆ. ಮೇಲಿನ ಪ್ರತಿ ಬಿಳಿ, ಕೆಳಗಿನದು ತಿಳಿ ಗುಲಾಬಿ, ಕಾರ್ಬನ್ ಹಾಳೆ ಒತ್ತಿದ ಅಂಕಿಗಳು ನೀಲಿ. ಸಂಜೆ ಓರೆ ಬಿಸಿಲು ಬಿದ್ದಾಗ ಗೋಡೆಯ ಮೂಲೆಯ ಜೇಡರ ಬಲೆಯ ಮೇಲೆ ತೌಡಿನ ಪುಡಿ ಕೂತು ಬಲೆ ಬಟ್ಟೆಯಾಗಿ ಕಾಣುತ್ತದೆ. ಇದೆಲ್ಲ ಒಂದೇ ಸಲಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಕೈಯಲ್ಲಿ ಸಣ್ಣ ನೋಟ್‌ಬುಕ್ ಇರಲಿ. ಅದರಲ್ಲಿ ‘ಸುಂದರ ದೃಶ್ಯ’ ಎಂದು ಬರೆದರೆ ಆರು ತಿಂಗಳ ಮೇಲೆ ಅದರಿಂದ ಕವಡೆ ಕಾಸಿನ ಪ್ರಯೋಜನವಿಲ್ಲ. ‘ಕಂದು’ ಎಂದು ಬರೆದರೂ ಅಷ್ಟೇ. ತೌಡಿನ ಬಣ್ಣ, ಮಳೆ ತಿಂದ ಜೋಳದ ದಂಟಿನ ಬಣ್ಣ, ಹೆಂಚಿನ ಮೇಲೆ ಸೀದ ರೊಟ್ಟಿ ಬಣ್ಣ ಎಂದು ಬರೆಯಿರಿ. ವಸ್ತು ಹೇಗೆ ಹರಿಯುತ್ತದೆ, ನೆಂದರೆ ಏನಾಗುತ್ತದೆ, ಯಾರ ಕೈಯಲ್ಲಿತ್ತು, ಬೀಳುವಾಗ ಸದ್ದು ಹೇಗಿತ್ತು, ಇವನ್ನೂ ಬರೆಯಿರಿ. ಮೊಬೈಲ್‌ನಲ್ಲಿ ಫೋಟೊ ತೆಗೆಯುವುದು ತಪ್ಪಲ್ಲ, ಆದರೆ ಮೊದಲು ಪೆನ್ಸಿಲ್, ಆಮೇಲೆ ಫೋಟೊ. ಫೋಟೊ ತೆಗೆದ ಮರುಕ್ಷಣ ಕಣ್ಣು ಕೆಲಸ ಬಿಡುತ್ತದೆ. ರೇಖೆ ಸೊಟ್ಟಗಾದರೂ ಪರವಾಗಿಲ್ಲ, ಆ ಪುಟ ಯಾರಿಗೂ ತೋರಿಸಲಿಕ್ಕಲ್ಲ.

ಕೇಳಿ ತನ್ನಿ, ಒಣಗಿಸಿ ಇಡಿ

ನೆಲಕ್ಕೆ ಬಿದ್ದದ್ದಾದರೂ ಕೇಳಿ ತನ್ನಿ. ಕೇಳಿದಾಗ ಮಾತು ಬೆಳೆಯುತ್ತದೆ, ಮಾತಿನಿಂದ ಹೆಸರು ಸಿಗುತ್ತದೆ, ಬಳಕೆ ಗೊತ್ತಾಗುತ್ತದೆ. ಗಿರಣಿಯ ಮುಂದೆ ಹೊಟ್ಟು ಕೇಳಿದರೆ “ಒಯ್ಯಿರಿ ಸರ, ಹೊಟ್ಟಿಗೂ ಯಾರಾರ ಕೇಳ್ತಾರೇನ್ರಿ” ಎಂದು ನಕ್ಕು, ಚೀಲದ ಬಾಯಿ ಹೊಲಿದ ನೂಲನ್ನು ಒಂದೇ ಎಳೆತಕ್ಕೆ ಬಿಚ್ಚುವುದು ಹೇಗೆಂದು ತೋರಿಸಿಯೇ ಕಳಿಸುತ್ತಾರೆ. ಆ ಸರಪಳಿ ಹೊಲಿಗೆಯ ನೂಲು ಅಲೆ ಅಲೆಯಾಗಿ ಬರುತ್ತದೆ. ಇಸ್ತ್ರಿ ಮಾಡಿ ನೇರ ಮಾಡಬೇಡಿ, ಚಿತ್ರದಲ್ಲಿ ಅದರ ಸುರುಳಿಯೇ ಕೆಲಸಕ್ಕೆ ಬರುವುದು.

ಕೆಲವನ್ನು ಕೇಳಲೂ ಬಾರದು, ತರಲೂ ಬಾರದು. ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಶಿಲಾಸಮಾಧಿಗಳು 2021ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಅಲ್ಲಿಂದ ಒಂದು ಬಿಲ್ಲೆಕಲ್ಲನ್ನೂ ಎತ್ತಬೇಡಿ. ಮಸ್ಕಿಯ ಅಶೋಕ ಶಾಸನ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳ ಮೇಲೆ ಕಾಗದ ಇಟ್ಟು ಸೀಸದಕಡ್ಡಿ ಉಜ್ಜಿ ಅಚ್ಚು ತೆಗೆಯುವ ಆಸೆ ಯಾರಿಗಾದರೂ ಬರುತ್ತದೆ, ಬೇಡ. ಕಲ್ಲಿನ ಒರಟು ಬೇಕಿದ್ದರೆ ಮನೆಯ ಬೀಸುವ ಕಲ್ಲು ಇದೆ, ಒಳಕಲ್ಲು ಇದೆ, ಅಂಗಳದ ಚಪ್ಪಡಿ ಇದೆ. ತೆಳ್ಳನೆಯ ಕಾಗದ ಹಾಸಿ, ಮೇಣದ ಬಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಉಜ್ಜಿದರೆ ಬೀಸುಗಲ್ಲಿನ ಉಳಿಪೆಟ್ಟು ಒಂದೂ ಬಿಡದೆ ಮೂಡುತ್ತದೆ. ಸಂಡೂರಿನ ಲಂಬಾಣಿ ಕಸೂತಿಯ ಹಳೆಯ ತುಂಡು ಸಿಕ್ಕರೂ ಕತ್ತರಿ ಹಾಕಬೇಡಿ. ಅದು ಆಗಲೇ ಒಬ್ಬರ ಪೂರ್ತಿಯಾದ ಕೃತಿ. ಹೆಸರು, ಫೋನ್ ನಂಬರ್, ಆಧಾರ್ ಜೆರಾಕ್ಸ್ ಇರುವ ಕಾಗದ ಓಣಿಯಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಅದನ್ನು ಬಳಸುವುದಾದರೆ ಆ ಭಾಗ ಹರಿದು ತೆಗೆದು ಬಳಸಿ.

ತಂದದ್ದನ್ನು ಕೂಡಲೇ ಡಬ್ಬಿಗೆ ತುಂಬಬೇಡಿ. ಹೊಟ್ಟು, ದಂಟು, ಗೋಣಿ, ಕಾಯಿ, ಎಲೆ ಇವುಗಳಲ್ಲಿ ಹುಳದ ಮೊಟ್ಟೆ ಇರುತ್ತದೆ. ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿ ಮೂರು ನಾಲ್ಕು ದಿನ ಬಿಸಿಲಿಗೆ ಹಾಕಿ, ದಿನಕ್ಕೊಮ್ಮೆ ಮಗುಚಿ. ಕೊಪ್ಪಳ, ಬಳ್ಳಾರಿ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಬಿಸಿಲಿಗೇನೂ ಬರವಿಲ್ಲ. ಆಮೇಲೆ ಹಳೆಯ ಬಿಸ್ಕೀಟ್ ಡಬ್ಬಿಯಲ್ಲಿ ಹಾಕಿ, ಮೇಲೆ ಓಣಿಯ ಹೆಸರು ಮತ್ತು ತಿಂಗಳು ಬರೆದಿಡಿ. ಎರಡು ಓಣಿಯ ಸಾಮಾನು ಒಂದೇ ಡಬ್ಬಿಯಲ್ಲಿ ಕೂಡಿದರೆ ನಿಮ್ಮ ಕಟ್ಟಳೆ ಅಲ್ಲಿಗೇ ಮುರಿಯುತ್ತದೆ.

ಹಲಗೆ

ಚಾಚಿದ ಕ್ಯಾನ್ವಾಸ್ ಬಡಿದರೆ ಕುಣಿಯುತ್ತದೆ. ಮಣ್ಣು, ತಗಡು, ದಪ್ಪ ಬಟ್ಟೆ ಅದರ ಮೇಲೆ ನಿಲ್ಲುವುದಿಲ್ಲ, ಬಿರುಕು ಬಿಡುತ್ತದೆ. ಮೊದಲ ಕೃತಿಗೆ ಒಂದು ಅಡಿ ಚೌಕದ, 6 ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಬಡಿಗರ ಅಂಗಡಿಯಲ್ಲಿ ಉಳಿದ ತುಂಡು ಕಡಿಮೆಗೆ ಕೊಡುತ್ತಾರೆ. ಸ್ಯಾಂಡ್ ಪೇಪರ್ ಉಜ್ಜಿ, ಫೆವಿಕಾಲ್‌ಗೆ ಎರಡು ಪಾಲು ನೀರು ಬೆರೆಸಿ ಎರಡೂ ಬದಿಗೆ ಹಚ್ಚಿ. ಒಣಗಿದ ಮೇಲೆ ಅದೇ ನೀರಿಗೆ ಸೀಮೆಸುಣ್ಣದ ಪುಡಿ ಕಲಸಿ, ಮಜ್ಜಿಗೆ ಹದಕ್ಕೆ ತಂದು, ಮುಂಬದಿಗೆ ಎರಡು ಸಲ ಬಳಿಯಿರಿ. ಮೊದಲಿನದು ಅಡ್ಡ, ಎರಡನೆಯದು ಉದ್ದ.

ಹಿಂಬದಿಗೆ ಯಾಕೆ ಅಂಟು ಹಚ್ಚಬೇಕು ಎಂದು ಕೇಳುವವರು ಮುಂಬದಿಗೆ ಮಾತ್ರ ಕಾಗದ ಅಂಟಿಸಿ ನೋಡಲಿ. ನೆಂದ ಕಾಗದ ಒಣಗುವಾಗ ಕುಗ್ಗಿ ಹಲಗೆಯನ್ನೇ ತನ್ನ ಕಡೆ ಎಳೆಯುತ್ತದೆ. ಮುಂದೆ ದೊಡ್ಡ ಕಾಗದ ಬಂದರೆ ಹಿಂದೆಯೂ ಅಷ್ಟೇ ಅಳತೆಯ ರದ್ದಿ ಕಾಗದ ಹಾಕಿ.

ಅಂಟು: ಅರ್ಧ ಕಲೆ ಇಲ್ಲೇ ಇದೆ

ಅಂಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ವರ್ಷ ಕಳೆದ ಮೇಲೆ ಚಿತ್ರ ಉದುರಿದಾಗ ಮಾತಾಡುತ್ತಾರೆ. ಯಾವುದಕ್ಕೆ ಯಾವುದು ಹತ್ತುತ್ತದೆ ಎಂಬುದನ್ನು ಕೃತಿಗೆ ಮೊದಲೇ ಒಂದು ರಟ್ಟಿನ ಮೇಲೆ ಪರೀಕ್ಷಿಸಿ, ಎರಡು ದಿನ ಬಿಟ್ಟು ಉಗುರಿನಿಂದ ಎಬ್ಬಿಸಿ ನೋಡಿ.

ಕಾಗದ, ಹತ್ತಿ ಬಟ್ಟೆ, ಗೋಣಿ, ಕಟ್ಟಿಗೆ ಹೊಟ್ಟು ಇವಕ್ಕೆ ಬಿಳಿ ಫೆವಿಕಾಲ್ ಸಾಕು. ಜೀನ್ಸ್ ಬಟ್ಟೆ ಅಂಟನ್ನು ಕುಡಿದುಬಿಡುತ್ತದೆ. ನೀರು ಬೆರೆಸದ ಅಂಟನ್ನು ಹಲಗೆಗೂ ಬಟ್ಟೆಗೂ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಡಪಾ ಕಲ್ಲಿನ ತುಂಡು ಇಟ್ಟು ರಾತ್ರಿಯಿಡೀ ಬಿಡಿ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು. ಅದಕ್ಕೇ ಅದು ಬೇಗ ಕೊಳೆಯುವುದಿಲ್ಲ, ಅದಕ್ಕೇ ಬಣ್ಣವೂ ಬೇಗ ಹಿಡಿಯುವುದಿಲ್ಲ. ಅಂಟು ಬಳಿದ ಜಾಗಕ್ಕೆ ಹೊಟ್ಟು ಚೆಲ್ಲಿ, ಒಣಗಿದ ಮೇಲೆ ತೆಳು ಅಂಟಿನ ನೀರನ್ನು ಮೇಲಿನಿಂದ ಮತ್ತೊಮ್ಮೆ ಹಾಯಿಸಿ, ಆಮೇಲೆ ಬಣ್ಣ ಹಚ್ಚಿ.

ರಸಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ಫೆವಿಕಾಲ್ ಹತ್ತುವುದೇ ಇಲ್ಲ. ಎಷ್ಟು ಬಳಿದರೂ ಒಣಗಿದ ಮೇಲೆ ಹಾಳೆಯಂತೆ ಕಿತ್ತು ಬರುತ್ತದೆ. ಅದನ್ನು ಹೊಲಿಯಬೇಕು. ಹಲಗೆಗೆ ಸಣ್ಣ ಬಿಟ್‌ನಿಂದ ತೂತು ಕೊರೆದು, ದಬ್ಬಣಕ್ಕೆ ಸುತಳಿ ಪೋಣಿಸಿ ಹೊಲಿದರೆ ಹೊಲಿಗೆಯೇ ರೇಖೆಯಾಗುತ್ತದೆ. ನನ್ನನ್ನು ಕೇಳಿದರೆ ಅಂಟಿಸಲಾಗದ ವಸ್ತುವೇ ಒಳ್ಳೆಯ ಚಿತ್ರ ಕೊಡುತ್ತದೆ, ಏಕೆಂದರೆ ಅದಕ್ಕೆ ನೀವು ಏನಾದರೂ ದಾರಿ ಹುಡುಕಲೇಬೇಕಾಗುತ್ತದೆ.

ಊರ ಅಂಟು ಬೇಕೆನ್ನುವವರಿಗೆ ಹುಣಸೆ ಬೀಜ ಇದೆ. ಬೀಜವನ್ನು ಸಿಪ್ಪೆ ಸಿಡಿಯುವ ತನಕ ಹುರಿದು, ಕುಟ್ಟಿ, ಕೆಂಪು ಸಿಪ್ಪೆ ಕೇರಿ ತೆಗೆಯಿರಿ. ಒಳಗಿನ ಬಿಳಿ ಬೇಳೆಯನ್ನು ಒಂದು ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ. ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಕುದಿಸಿದರೆ ಹಿಟ್ಟಿನ ಬಿಳುಪು ಹೋಗಿ, ಗಂಜಿಯಂತೆ ಅರೆಪಾರದರ್ಶಕವಾಗಿ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿ. ಎರಡು ದಿನದೊಳಗೆ ಮುಗಿಸಿ, ಇಲ್ಲದಿದ್ದರೆ ವಾಸನೆ ಬರುತ್ತದೆ. ಪುಸ್ತಕ ಬೈಂಡಿಂಗ್‌ನವರು ಮೈದಾ ಅಂಟಿಗೆ ಹುಳ ಬೀಳದಿರಲು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಿದ್ದರು. ಇದಕ್ಕೂ ಹಾಕಬಹುದು, ಆದರೆ ಅದು ವಿಷ: ಕೈಗವಸು ಇರಲಿ, ಪಾತ್ರೆ ಅಡುಗೆಮನೆಗೆ ವಾಪಸ್ ಹೋಗಬಾರದು, ಮಕ್ಕಳ ಕೈಗಂತೂ ಸಿಗಲೇಬಾರದು.

ಕಿನ್ನಾಳದ ಕಿಟ್ಟಕ್ಕೂ ಈ ಅಂಟೇ ಮೂಲ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟಿನ ಜೊತೆ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಮನೆಯಲ್ಲಿ ಮಾಡುವಾಗ ಹಳೆಯ ಗೋಣಿಯನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಬಡಿಗರ ಅಂಗಡಿಯ ಹೊಟ್ಟನ್ನು ಜರಡಿ ಹಿಡಿದು, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಹಲಗೆಯ ಮೇಲೆ ಅರ್ಧ ಇಂಚಿಗಿಂತ ದಪ್ಪ ಹಚ್ಚಬೇಡಿ. ದಪ್ಪ ಬೇಕಾದರೆ ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹಸಿಯಿದ್ದಾಗಲೇ ತೂಕದ ಚೀಟಿಯ ಅಂಚು, ಚೀಲದ ಹೆಣಿಗೆ, ಬೋಲ್ಟಿನ ತಲೆ ಒತ್ತಿ ತೆಗೆದರೆ ಅಚ್ಚು ಉಳಿಯುತ್ತದೆ. ನೆರಳಲ್ಲಿ ಒಣಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಮೇಲ್ಮೈ ಬೇಗ ಒಣಗಿ ಒಳಗೆ ಹಸಿ ಉಳಿದು ಸೀಳುತ್ತದೆ. ಒದ್ದೆ ಬಟ್ಟೆ ಹೊದಿಸಿ, ಬೆಳಗಿನ ಜಾವವೇ ಕೆಲಸ ಮುಗಿಸಿ.

ಬಣ್ಣಕ್ಕೆ ಮಣ್ಣು

ಮೂರು ಜಿಲ್ಲೆಯ ನಾವು ಬಣ್ಣದ ವಿಷಯದಲ್ಲಿ ಸಿರಿವಂತರು. ಸಂಡೂರು ದಾರಿಯಲ್ಲಿ ಗಿಡದೆಲೆ ಸಹಿತ ಕೆಂಪಾಗಿರುವುದು ಕಬ್ಬಿಣದ ಅದಿರಿನ ಧೂಳಿಗೆ. ಕಬ್ಬಿಣದ ಆಕ್ಸೈಡ್ ಬಿಸಿಲಿಗೆ ಮಾಸುವುದಿಲ್ಲ. ಬೆಣಕಲ್ ಗುಡ್ಡದ ಬಂಡೆಗಳ ಮೇಲಿನ ಕೆಂಪು ಚಿತ್ರಗಳು ಇಷ್ಟು ಕಾಲ ಉಳಿದಿರುವುದನ್ನು ನೋಡಿದರೆ ಇದಕ್ಕಿಂತ ಹೆಚ್ಚಿನ ಗ್ಯಾರಂಟಿ ಯಾವ ಟ್ಯೂಬಿನ ಮೇಲೂ ಇರಲಾರದು. ಗಣಿಯೊಳಗೆ ಹೋಗಬೇಕಿಲ್ಲ. ತುಳಸಿಕಟ್ಟೆಗೆ ಬಳಿಯುವ ಕೆಮ್ಮಣ್ಣು ನಿಮ್ಮ ಓಣಿಯಲ್ಲೇ ಸಿಗುತ್ತದೆ.

ಮಣ್ಣನ್ನು ಸೋಸುವುದು ಹೀಗೆ. ಒಣಮಣ್ಣು ಕುಟ್ಟಿ ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಒಂದು ನಿಮಿಷ ಬಿಡಿ, ಉಸುಕು ತಳಕ್ಕೆ ಹೋಗುತ್ತದೆ. ಮೇಲಿನ ಬಣ್ಣದ ನೀರನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ ಬೇರೆ ಬಕೆಟ್‌ಗೆ ಹೊಯ್ಯಿರಿ. ರಾತ್ರಿ ಕಳೆದು ಬೆಳಿಗ್ಗೆ ನೋಡಿದರೆ ಮೇಲೆ ತಿಳಿನೀರು, ಕೆಳಗೆ ಕೆನೆಯಂಥ ಮಣ್ಣು. ತಿಳಿ ಚೆಲ್ಲಿ, ಕೆನೆಯನ್ನು ತಾಟಿನಲ್ಲಿ ಒಣಗಿಸಿ, ಪುಡಿ ಮಾಡಿ. ಒಣಪುಡಿ ಅರೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಲೇಬೇಕು, ಆ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರಿಗೆ ಈ ಪುಡಿ ಬೆರೆಸಿ ಮೊಸರಿನ ಹದಕ್ಕೆ ತಂದರೆ ಬಣ್ಣ ಸಿದ್ಧ. ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆ ಕೆಂಪಾದರೆ ಅಂಟು ಸಾಲದು, ಬಣ್ಣ ಪ್ಲಾಸ್ಟಿಕ್‌ನಂತೆ ಮಿರುಗಿದರೆ ಅಂಟು ಹೆಚ್ಚಾಯಿತು.

ಎರೆಮಣ್ಣು ಬೇರೆಯೇ ಸ್ವಭಾವದ್ದು. ನೆಂದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ರಾಯಚೂರು, ಸಿಂಧನೂರು ಕಡೆಯ ಎರೆ ಹೊಲದಲ್ಲಿ ಬೇಸಿಗೆಗೆ ಕಾಲು ಇಳಿಯುವಷ್ಟು ಬಿರುಕು ಬಿಡುವುದು ಇದಕ್ಕೇ. ಚಿತ್ರದ ಮೇಲೆ ದಪ್ಪಗೆ ಹಚ್ಚಿದರೆ ಅದೇ ಬಿರುಕು ಸಣ್ಣ ಅಳತೆಯಲ್ಲಿ ಮೂಡುತ್ತದೆ. ಆ ಬಿರುಕು ಬೇಕಾದರೆ ಮೊದಲು ಹಲಗೆಗೆ ಅಂಟು ಬಳಿದು, ಅದು ಅರೆಹಸಿ ಇದ್ದಾಗ ಬೆರಳ ದಪ್ಪದ ಅರ್ಧದಷ್ಟು ಮಣ್ಣು ಮೆತ್ತಿ, ಒಣಗಿ ಬಿರಿದ ಮೇಲೆ ತೆಳು ಅಂಟಿನ ನೀರನ್ನು ಬಿರುಕಿನೊಳಗೆ ಹನಿ ಹನಿಯಾಗಿ ಇಳಿಸಿ. ಬಿರಿದ ತುಂಡುಗಳು ಅಲ್ಲೇ ಕಚ್ಚಿಕೊಳ್ಳುತ್ತವೆ. ಬೇಡವಾದರೆ ಕೆಮ್ಮಣ್ಣಿನಂತೆಯೇ ಸೋಸಿ ತೆಳುವಾಗಿ ಬಳಿಯಿರಿ. ಒಣಗಿದಾಗ ಅದು ಕಪ್ಪಲ್ಲ, ಬೂದು. ನಿಜವಾದ ಕಪ್ಪಿಗೆ ದೀಪದ ಮಸಿ ಬೇಕು. ಮಸಿ ನೀರಿನಲ್ಲಿ ಬೆರೆಯದೆ ತೇಲುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಕಲಸಿ.

ಕಬ್ಬಿಣದಿಂದ ಇನ್ನೊಂದು ಕಪ್ಪು ಬರುತ್ತದೆ. ತುಕ್ಕು ಹಿಡಿದ ಮೊಳೆ, ಬೋಲ್ಟುಗಳನ್ನು ವಿನೆಗರ್‌ನಲ್ಲಿ ಅದ್ದಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಇಡಿ. ಬಿಚ್ಚಿದರೆ ಬಟ್ಟೆಯ ಮೇಲೆ ಕಿತ್ತಳೆ, ಕಂದು ಬಣ್ಣದ ಬೋಲ್ಟಿನ ನೆರಳು. ಬಟ್ಟೆಯನ್ನು ಮೊದಲೇ ಅಳಲೆಕಾಯಿ ಕಷಾಯದಲ್ಲಿ ಅದ್ದಿ ಒಣಗಿಸಿದ್ದರೆ ಅದೇ ಕಲೆ ಕಪ್ಪಾಗುತ್ತದೆ. ಕೆಲಸ ಮುಗಿದ ಮೇಲೆ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆಯದಿದ್ದರೆ ಹುಳಿ ಬಟ್ಟೆಯನ್ನು ತಿನ್ನುತ್ತ ಹೋಗುತ್ತದೆ.

ಅರಿಸಿನ ಬೇಡ. ಹಚ್ಚಿದ ದಿನ ಎಲ್ಲರೂ ಮೆಚ್ಚುತ್ತಾರೆ, ಬಿಸಿಲು ಬೀಳುವ ಗೋಡೆಯ ಮೇಲೆ ಕೆಲವೇ ವಾರಗಳಲ್ಲಿ ಮಾಯ.

ಅಕ್ಷರ, ಮುಖ, ಗೋಡೆ

ದಿನಪತ್ರಿಕೆಯ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಅದರ ಅಕ್ಷರ ಬೇಕಿದ್ದರೆ ಲೇಸರ್ ಜೆರಾಕ್ಸ್ ಮಾಡಿಸಿ ಬಳಸಿ. ಇಂಕ್‌ಜೆಟ್ ಪ್ರಿಂಟು ಅಂಟು ತಾಗಿದರೆ ಕದಡುತ್ತದೆ.

ಜೆರಾಕ್ಸಿನ ಚಿತ್ರ ಮಾತ್ರ ಉಳಿದು ಕಾಗದ ಕಾಣದಂತೆ ಮಾಡಲೂಬಹುದು. ಹಲಗೆಗೆ ದಟ್ಟ ಅಂಟು ಅಥವಾ ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಬಳಿದು, ಜೆರಾಕ್ಸನ್ನು ಮುಖ ಕೆಳಗೆ ಮಾಡಿ ಒತ್ತಿ, ಗಾಳಿಗುಳ್ಳೆ ಹೊರಗೆ ತಳ್ಳಿ. ರಾತ್ರಿಯಿಡೀ ಒಣಗಿದ ಮೇಲೆ ಒದ್ದೆ ಬೆರಳಿನಿಂದ ಕಾಗದವನ್ನು ಉಂಡೆ ಉಂಡೆಯಾಗಿ ಉಜ್ಜಿ ತೆಗೆಯಿರಿ. ಕಪ್ಪು ಪುಡಿ ಅಂಟಿನಲ್ಲೇ ಕೂತಿರುತ್ತದೆ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ, ಆದ್ದರಿಂದ ಅಕ್ಷರ ಇದ್ದರೆ ಜೆರಾಕ್ಸ್ ಅಂಗಡಿಯಲ್ಲೇ ‘ಮಿರರ್ ಮಾಡಿ ಕೊಡಿ’ ಎನ್ನಿ. ಅಲ್ಲಲ್ಲಿ ಕಿತ್ತು ಹೋದರೆ ಹೋಗಲಿ. ನಮ್ಮ ಬಸ್ ಸ್ಟ್ಯಾಂಡಿನ ಗೋಡೆಗಳೂ ಹಾಗೇ ಇವೆ: ಸಿನಿಮಾ ಪೋಸ್ಟರಿನ ಮೇಲೆ ಕೋಚಿಂಗ್ ಸೆಂಟರ್, ಅದರ ಮೇಲೆ ಚುನಾವಣೆ, ಅದರ ಮೇಲೆ ಶ್ರದ್ಧಾಂಜಲಿ. ಮಳೆಗೆ ಅರ್ಧ ಕಿತ್ತು ಬಂದಾಗ ನಾಯಕಿಯ ಕಣ್ಣು ಶಾಸಕರ ಹಣೆಯಲ್ಲಿ ಮೂಡಿರುತ್ತದೆ. ಏನೂ ಹೊಳೆಯದ ದಿನ ಇಂಥ ಗೋಡೆಯ ಮುಂದೆ ನಿಲ್ಲಿ. ನೀವೂ ಮೂರು ಪದರ ಕಾಗದ ಅಂಟಿಸಿ, ಮೇಲಿನದನ್ನು ಹಸಿಯಿದ್ದಾಗಲೇ ಹರಿದು ನೋಡಿ. ಸೇರಿಸುವುದರಷ್ಟೇ ಕೀಳುವುದೂ ಈ ಕಲೆಯಲ್ಲಿ ಕೆಲಸವೇ.

ಬೆಳಕನ್ನೂ ಸಾಮಾನೆಂದು ಎಣಿಸಿ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಷ್ಟೋ ಜನ ಮೊದಲ ಸಲ ಆ ಗೊಂಬೆಗಳ ಫೋಟೊ ನೋಡಿದರು. ಫೋಟೊದಲ್ಲಿ ಸಿಗದಿರುವುದು ಏನೆಂದರೆ, ಹದ ಮಾಡಿದ ತೊಗಲಿನಲ್ಲಿ ಕೊರೆದ ತೂತುಗಳು ಹಿಂದೆ ದೀಪ ಬಂದಾಗಲೇ ಒಡವೆಯಾಗುತ್ತವೆ. ಕೊಕ್ಕೆಯ ತೂತಿರುವ ಆ ಗೋಣಿಯನ್ನು ಹಲಗೆಗೆ ಅಂಟಿಸುವ ಬದಲು ಬರೀ ಚೌಕಟ್ಟಿಗೆ ಬಿಗಿದು, ಹಿಂದೆ ಸಣ್ಣ ಎಲ್‌ಇಡಿ ಪಟ್ಟಿ ಹಾಕಿದರೆ ಬೇರೆ ಬಣ್ಣವೇ ಬೇಕಾಗುವುದಿಲ್ಲ.

ಜೋಡಣೆ: ಕೌದಿ ನೋಡಿ ಕಲಿಯಿರಿ

ಸಂಯೋಜನೆಯ ಪಾಠಕ್ಕೆ ಪುಸ್ತಕ ಹುಡುಕುವ ಮೊದಲು ಮನೆಯ ಕೌದಿಯನ್ನು ನೆಲಕ್ಕೆ ಹಾಸಿ ನಿಂತು ನೋಡಿ. ಹಳೆಯ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಶಾಲೆಯ ಸಮವಸ್ತ್ರದ ಚಡ್ಡಿ, ಲುಂಗಿ, ಎಲ್ಲ ಸೇರಿಯೂ ಕಣ್ಣಿಗೆ ಹೊಡೆಯುವುದಿಲ್ಲ. ಕಾರಣ ಎರಡು. ಒಂದು, ಅಂಚಿನಿಂದ ಅಂಚಿಗೆ ಸಾಲು ಸಾಲಾಗಿ ಓಡುವ ಒಂದೇ ಬಣ್ಣದ ಹೊಲಿಗೆ ಎಲ್ಲ ತುಂಡುಗಳನ್ನೂ ದಾಟಿ ಹೋಗುತ್ತದೆ. ಎರಡು, ದೊಡ್ಡ ಮಾಸಲು ತುಂಡುಗಳ ನಡುವೆ ಗಾಢ ಬಣ್ಣದ ತುಂಡು ಸ್ವಲ್ಪವೇ ಇರುತ್ತದೆ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಹಿರಿಯರೊಬ್ಬರ ಮುಂದೆ ಕೆಂಪು ಖಣದ ತುಂಡುಗಳನ್ನೆಲ್ಲ ಒಂದೇ ಕಡೆ ಜೋಡಿಸಿದ ಹುಡುಗಿಗೆ ಅವರು ಹೇಳಿದ್ದು: “ಯವ್ವಾ, ಕೆಂಪು ಹೆಚ್ಚಾದ್ರ ಜಗಳಾಡ್ತಾವು. ದೂರ ದೂರ ಕುಂಡ್ರಸು, ಒಂದಕ್ಕೊಂದು ಹುಡುಕ್ಯಾಡ್ಲಿ.” ಕಾಲೇಜಿನಲ್ಲಿ ಒಂದು ಇಡೀ ಸೆಮಿಸ್ಟರ್ ಹೇಳುವುದು ಇದನ್ನೇ.

ನಿಮ್ಮ ಹಲಗೆಯಲ್ಲೂ ಒಂದು ಸಾಮಾನು ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯಲಿ, ಎರಡನೆಯದು ಉಳಿದುದರಲ್ಲಿ ಬಹುಪಾಲು, ಮೂರನೆಯದು ಬೆರಳೆಣಿಕೆ ಕಡೆ ಮಾತ್ರ. ನಾಲ್ಕನೆಯದು ಸಾಮಾನ್ಯವಾಗಿ ದುರಾಸೆ. ಗಿರಣಿ ಓಣಿಯ ಚಿತ್ರವಾದರೆ ಗೋಣಿ ದೊಡ್ಡದು, ಹೊಟ್ಟಿನ ಬೂದಿ ಬಳಿದ ಭಾಗ ಎರಡನೆಯದು, ಗುಲಾಬಿ ಚೀಟಿಯ ಚೂರು ಅಲ್ಲೊಂದು ಇಲ್ಲೊಂದು. ಎಲ್ಲವನ್ನೂ ದಾಟುವ ಹೊಲಿಗೆಯಾಗಿ ಆ ಸುರುಳಿ ನೂಲು.

ಅಂಟಿಸದೆ ಬರೀ ಇಟ್ಟು ನೋಡಿ, ಫ್ಯಾನ್ ಆರಿಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಬಾಗಿಲಿಂದಲೇ ಮೊದಲ ಸಲ ನೋಡಿದಾಗ ಕಣ್ಣು ಎಲ್ಲಿ ಸಿಕ್ಕಿಕೊಳ್ಳುತ್ತದೋ ಗುರುತಿಸಿ. ಮೊಬೈಲ್‌ನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ. ಎಲ್ಲವೂ ಒಂದೇ ಬೂದಾಗಿ ಕಂಡರೆ ಬಣ್ಣ ಎಷ್ಟೇ ಇದ್ದರೂ ಚಿತ್ರ ಚಪ್ಪೆ, ಎಲ್ಲೋ ಒಂದು ಕಡೆ ಗಾಢ ಬೇಕು, ಒಂದು ಕಡೆ ಬಿಳಿ ಬೇಕು. ಹಲಗೆ ತಲೆಕೆಳಗೆ ತಿರುಗಿಸಿಯೂ ನೋಡಿ. ಈಗ ಅಂಟಿಸಲು ಶುರು ಮಾಡಿ: ಚಪ್ಪಟೆಯಾದದ್ದು ಮೊದಲು, ಉಬ್ಬಿದ್ದು ಆಮೇಲೆ, ತಗಡು, ಮೊಳೆ, ಬೋಲ್ಟು ಕೊನೆಗೆ.

ವಾರ್ನಿಶ್ ಹಚ್ಚುವ ಮುನ್ನ ಕೃತಿಯನ್ನು ಅದೇ ಓಣಿಗೆ ಒಯ್ದು ತೋರಿಸಿ. ಕಲೆ ಗೊತ್ತಿರುವವರು ‘ಚೆನ್ನಾಗಿದೆ’ ಎನ್ನುತ್ತಾರೆ, ಅದರಿಂದ ನಿಮಗೆ ಏನೂ ಸಿಗುವುದಿಲ್ಲ. ಹಮಾಲರು ‘ಚೀಲದ ಬಾಯಿ ಹಿಂಗ ಹೊಲೆಂಗಿಲ್ರಿ’ ಎಂದರೆ ಬಿಚ್ಚಿ ಹೊಲಿಯಿರಿ. ಇನ್ನೂ ಬಿಚ್ಚಲು ಬರುವ ಹೊತ್ತು ಅದು.

ಮುಗಿಸುವುದು, ಕಳಿಸುವುದು

ನೀರು ಆಧಾರಿತ ಮ್ಯಾಟ್ ವಾರ್ನಿಶ್ 2 ತೆಳು ಕೋಟು. ಬಾಗಿಲಿಗೆ ಹಚ್ಚುವ ಎಣ್ಣೆ ಪಾಲಿಶ್ ಬೇಡ, ಕಾಗದದ ಮೇಲೆ ಅದು ಹಳದಿಯಾಗುತ್ತದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮಾತ್ರ ಪ್ರತ್ಯೇಕವಾಗಿ ಒಂದು ಕೋಟು ಹೆಚ್ಚು, ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು ಪಕ್ಕದ ಕಾಗದಕ್ಕೆ ಇಳಿಯುತ್ತದೆ. ಚೌಕಟ್ಟು ಡಬ್ಬಿಯಂತೆ ಆಳವಿರಲಿ, ಗಾಜಿಗೂ ಉಬ್ಬಿದ ಭಾಗಕ್ಕೂ ಕಡಿಮೆಯೆಂದರೆ ಅರ್ಧ ಇಂಚು ಅಂತರ. ಪಡುವಣ ಬಿಸಿಲು ಬೀಳುವ ಗೋಡೆಗೂ ಒಗ್ಗರಣೆ ಹೊಗೆ ತಾಗುವ ಗೋಡೆಗೂ ತೂಗು ಹಾಕಬೇಡಿ.

ಹಲಗೆಯ ಹಿಂದೆ ಹೆಸರು, ವರ್ಷ, ಓಣಿ ಬರೆಯಿರಿ. ಜೊತೆಗೆ ಬಳಸಿದ ಪ್ರತಿ ಸಾಮಾನು, ಪ್ರತಿ ಅಂಟು. ಹುಣಸೆ ಬೀಜದ ಅಂಟು ನೀರಿಗೆ ಬಿಡುತ್ತದೆ, ಒಣಗಿದ ಫೆವಿಕಾಲ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮುಂದೆ ಯಾರಾದರೂ ಅದನ್ನು ದುರಸ್ತಿ ಮಾಡಬೇಕಾದಾಗ ಮೊದಲು ಹುಡುಕುವುದು ಈ ಸಾಲನ್ನೇ. ಮೈಲುತುತ್ತ ಹಾಕಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಬಸ್ ಪಾರ್ಸೆಲ್‌ನಲ್ಲಿ ಬೆಂಗಳೂರಿಗೋ ಕಲಬುರ್ಗಿಗೋ ಕಳಿಸುವುದಾದರೆ ಗುಳ್ಳೆ ಹಾಳೆ (ಬಬಲ್ ರ್ಯಾಪ್) ನೇರವಾಗಿ ಕೃತಿಗೆ ತಾಗದಿರಲಿ, ಸೆಖೆಗೆ ಅದು ವಾರ್ನಿಶ್‌ಗೆ ಅಂಟಿ ಗುಂಡು ಗುಂಡು ಗುರುತು ಬಿಡುತ್ತದೆ. ಮೊದಲು ಬಟರ್ ಪೇಪರ್, ನಾಲ್ಕು ಮೂಲೆಗೆ ಥರ್ಮಾಕೋಲ್ ತುಂಡು, ಅದರ ಮೇಲೆ ರಟ್ಟು, ಆಮೇಲೆ ಗುಳ್ಳೆ ಹಾಳೆ. ಹೊಟ್ಟು, ಎರೆಮಣ್ಣು ಇರುವ ಕೃತಿಯನ್ನು ನಿಲ್ಲಿಸಿ ಕಳಿಸಬಾರದು, ಮಲಗಿಸಿಯೇ ಒಯ್ಯಬೇಕೆಂದು ಡಬ್ಬಿಯ ನಾಲ್ಕೂ ಬದಿಗೆ ಬಾಣದ ಗುರುತು ಹಾಕಿ, ಕನ್ನಡದಲ್ಲೇ ಬರೆಯಿರಿ.